ರೊಟ್ಟಿ ಗಾಡಿಯ ಶಾಕರ್

ನನಗೆ ಬದನೆಕಾಯಿ ಆರಿಸಲು ಬರುತ್ತದೆ. ತೊಟ್ಟು ನೋಡಿಯೇ ಒಳಗೆ ಹುಳ ಇದೆಯೋ ಇಲ್ಲವೋ ಹೇಳಬಲ್ಲೆ. ಜೋಳ ಆರಿಸಲು ಬರುತ್ತದೆ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದರೆ ಸಾಕು, ಅದರ ಹಿಟ್ಟು ರೊಟ್ಟಿಯಾಗಿ ಉಬ್ಬುತ್ತದೋ ಹಂಚಿನ ಮೇಲೆ ಬಿರಿದು ಮಾನ ಕಳೆಯುತ್ತದೋ ಗೊತ್ತಾಗುತ್ತದೆ. ಅಳಿಯನನ್ನೂ ನಾನೇ ಆರಿಸಿದ್ದು, ಇಲ್ಲಿಯವರೆಗೆ ದೂರು ಬಂದಿಲ್ಲ. ಆದರೆ ಒಂದು ಪಿಕಪ್ ಗಾಡಿಗೆ ಶಾಕ್ ಅಬ್ಸಾರ್ಬರ್ ಆರಿಸುವ ಕೆಲಸ ನನ್ನ ಹಣೆಯಲ್ಲಿ ಬರೆದಿದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಹೈದರಾಬಾದಿನ ಬಸ್ಸನ್ನು ನಾನು ಲಿಂಗಸುಗೂರಿನಲ್ಲೇ ಬಿಟ್ಟುಬಿಡುತ್ತಿದ್ದೆ. ಐವತ್ತು ದಾಟಿದವರಿಗೆ ಆರಿಸುವ ಕಷ್ಟ ಕೊಡಬಾರದು. ಇದ್ದದ್ದನ್ನು ಕೈಗಿಟ್ಟು ಕಳಿಸಿಬಿಡಬೇಕು.

ನಮ್ಮದು ರೊಟ್ಟಿ ದಂಧೆ. ಹೈದರಾಬಾದಿನ ಜೀಡಿಮೆಟ್ಲಾದಲ್ಲಿ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನೂ ನಮ್ಮ ಕಡೆಯ ಕೆಲವು ಹೆಣ್ಣುಮಕ್ಕಳೂ ಕೂತು ಖಡಕ್ ಜೋಳದ ರೊಟ್ಟಿ ಬಡಿಯುತ್ತೇವೆ. ನಮ್ಮ ಮನೆಯವರು ಅವನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಪಟಾನ್‌ಚೆರುವಿನವರೆಗೆ ಹೋಗಿ ಹಂಚಿ ಬರುತ್ತಾರೆ. ಅಲ್ಲಿ ನಮ್ಮ ಕಡೆಯ ಕೂಲಿಯವರು ಊಟ ಮಾಡುವ ಖಾನಾವಳಿಗಳಿವೆ. ದಾರಿಯಲ್ಲಿ ಕಂಪ್ಯೂಟರ್ ಕೆಲಸದವರ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳೂ ಇವೆ. ಖಾನಾವಳಿಯವರಿಗೆ ರೊಟ್ಟಿ ಮುರಿದಿದ್ದರೂ ನಡೆಯುತ್ತದೆ, ಅವರು ಅದನ್ನು ಪಲ್ಯದಲ್ಲಿ ಪುಡಿ ಮಾಡಿಯೇ ತಿನ್ನುವುದು. ಅಪಾರ್ಟ್‌ಮೆಂಟಿನವರಿಗೆ ಮಾತ್ರ ಪೂರ್ಣಚಂದ್ರನ ಹಾಗೆ ಇರಬೇಕು, ಇಲ್ಲದಿದ್ದರೆ ಫೋಟೊ ತೆಗೆದು ನನಗೇ ಕಳಿಸುತ್ತಾರೆ. ಅವರೂ ಕೊನೆಗೆ ಅದನ್ನು ಮುರಿದೇ ತಿನ್ನುತ್ತಾರೆ ಎಂಬುದು ಬೇರೆ ಮಾತು. ಮುರಿದು ತಿನ್ನುವ ವಸ್ತುವನ್ನು ಮುರಿಯದ ಹಾಗೆ ಮುಟ್ಟಿಸುವುದು ನಾವು ಹೊಟ್ಟೆ ಹೊರೆಯುವ ದಾರಿ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ದಂಧೆಯಲ್ಲಿ ನಮ್ಮ ಮನೆಯವರ ಸೊಂಟ ಅಡ್ಡ ಬಂತು. ಮೊದಮೊದಲು ಗಾಡಿಯಿಂದ ಇಳಿಯುವಾಗ ಬಾಗಿಲು ಹಿಡಿಯುತ್ತಿದ್ದರು. ಆಮೇಲೆ ಬಾಗಿಲಿನ ಜೊತೆಗೆ ಗೋಡೆಯನ್ನೂ ಹಿಡಿಯತೊಡಗಿದರು. ಕೊನೆಗೆ ಒಂದು ದಿನ ಸೀಟಿನಲ್ಲಿ ಕೂತವರು ಕೂತೇ ಉಳಿದರು, ನಾವೆಲ್ಲ ಸೇರಿ ಹಿಟ್ಟಿನ ಚೀಲ ಇಳಿಸಿದ ಹಾಗೆ ಇಳಿಸಿದೆವು. ಮೂಳೆ ಡಾಕ್ಟರು ಎಕ್ಸ್‌ರೇ ಫೋಟೊ ಬೆಳಕಿಗೆ ಹಿಡಿದು ನೋಡಿ, "ಬಂಡಿ ಅಯಿನಾ ಮಾರ್ಚಂಡಿ, ಪನಿ ಅಯಿನಾ ಮಾರ್ಚಂಡಿ" ಅಂದರು. ಗಾಡಿಯನ್ನಾದರೂ ಬದಲಾಯಿಸಿ, ಕೆಲಸವನ್ನಾದರೂ ಬದಲಾಯಿಸಿ. ಇನ್ನೂ ಎರಡು ತಿಂಗಳು ಹೀಗೇ ಜಿಗಿದಾಡಿದರೆ ಡ್ರೈವಿಂಗ್ ಪೂರ್ತಿ ಬಂದ್ ಎಂದೂ ಸೇರಿಸಿದರು.

ಹೊರಗೆ ಬಂದ ಮೇಲೆ ನಮ್ಮ ಮನೆಯವರು ಗಾಡಿಯ ಹತ್ತಿರ ನಿಂತು ಕೇಳಿದರು, "ಸ್ಟೇರಿಂಗ್ ಬಿಟ್ರ ನಾ ಏನ್ ಮಾಡ್ಲಿ? ನಿನ್ ಜೋಡಿ ಕುಂತು ರೊಟ್ಟಿ ಬಡೀಲೇನು?"

"ಬಡೀರಿ. ಯಾರ್ ಬ್ಯಾಡ ಅಂದಾರ?" ಅಂದೆ ನಾನು.

ಅಂದೆನೇ ಹೊರತು ನನಗೆ ಗೊತ್ತಿತ್ತು. ಲಾರಿ ಕ್ಲೀನರ್ ಆಗಿ ಊರು ಬಿಟ್ಟ ಮನುಷ್ಯ. ಅವರಿಗೆ ನೆಲದ ಮೇಲೆ ಕೂತು ಮಾಡುವ ಕೆಲಸ ಒಂದೂ ಒಗ್ಗುವುದಿಲ್ಲ. ಹಬ್ಬದ ದಿನ ಮನೆಯಲ್ಲಿದ್ದರೆ ಮಧ್ಯಾಹ್ನದೊಳಗೆ ಹೋಗಿ ನಿಂತ ಗಾಡಿಯಲ್ಲಿ ಕೂತು ಬರುತ್ತಾರೆ. ಅವರಿಂದ ಆ ಸೀಟನ್ನು ಕಿತ್ತುಕೊಂಡರೆ ಸೊಂಟ ಉಳಿದೀತು, ಮನುಷ್ಯ ಉಳಿಯುವುದು ಅನುಮಾನ. ಹೊಸ ಗಾಡಿ ಕೊಳ್ಳುವುದು ನಮ್ಮ ಪಾಲಿಗೆ ಕನಸಿನ ಮಾತು. ಆಗ ಯಾರೋ ಅಂದರು, ಗಾಡಿ ಯಾಕೆ ಬದಲಾಯಿಸುತ್ತೀರಿ, ಶಾಕರ್ ಬದಲಾಯಿಸಿ. ಇಲ್ಲಿ ಶಾಕ್ ಅಬ್ಸಾರ್ಬರಿಗೆ ಶಾಕರ್ ಅನ್ನುತ್ತಾರೆ. ಅಷ್ಟು ಉದ್ದದ ಹೆಸರನ್ನು ಗ್ಯಾರೇಜಿನ ಗದ್ದಲದಲ್ಲಿ ಯಾರು ಕೂಗುತ್ತಾ ಕೂರುತ್ತಾರೆ?

ಅಂದಿನಿಂದ ನಮ್ಮ ಮನೆಗೆ ಬಂದವರೆಲ್ಲ ಗಾಡಿ ಒತ್ತತೊಡಗಿದರು. ಶಾಕರ್ ಹೋಗಿದೆಯೋ ಇಲ್ಲವೋ ನೋಡುವ ಪದ್ಧತಿ ಅದಂತೆ: ಗಾಡಿಯ ಮೂಲೆಯ ಮೇಲೆ ಭಾರ ಹಾಕಿ ಒತ್ತಿ ಬಿಡಬೇಕು. ಒಮ್ಮೆ ಎದ್ದು ಸುಮ್ಮನಾದರೆ ಆರೋಗ್ಯ. ಕುಣಿಯುತ್ತಲೇ ಇದ್ದರೆ ಕಾಯಿಲೆ. ಬೀಗರು ಬಂದರು, ಒತ್ತಿದರು. ಹಾಲಿನವನು ಒತ್ತಿದ. ಕರೆಂಟ್ ಮೀಟರ್ ನೋಡಲು ಬಂದಾತ ಮೀಟರ್ ನೋಡುವ ಮೊದಲೇ ಒತ್ತಿದ. ಎಲ್ಲರೂ ತಲೆಯಾಡಿಸಿ ನಾಲಿಗೆಯಿಂದ ಚ್ ಅನ್ನುವವರೇ. ರೋಗಿಯ ಮನೆಗೆ ಬಂದವರು ಹೊಟ್ಟೆ ಮುಟ್ಟಿ ನೋಡಿ ಹೋದ ಹಾಗೆ ಹೋದರು, ಒಬ್ಬರೂ ಔಷಧಿಯ ಹೆಸರು ಹೇಳಲಿಲ್ಲ.

ಹೇಳಿದವನು ಮಾಳಿಗೆಯ ಬಾಡಿಗೆಯವನು, ಕಾರ್ತಿಕ. ಮೈಸೂರಿನ ಹುಡುಗ, ಕಂಪ್ಯೂಟರ್ ಕೆಲಸ, ಒಂದು ಚಹಾ ಪುಡಿ ತರುವ ಮೊದಲೂ ನೂರು ಜನರ ಅಭಿಪ್ರಾಯ ಓದುವವನು. ಸಂಜೆ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಓದಿ ಹೇಳಿದ. ಎಣ್ಣೆಯದು ಒಂದು, ಗ್ಯಾಸಿನದು ಒಂದು. ಮಾಮೂಲಿ ಒಂದು, ಭಾರಿ ಲೋಡಿನದು ಒಂದು. ಒಂದೇ ಶಾಕರಿನ ಬಗ್ಗೆ ಒಬ್ಬ ಮೋಡದ ಮೇಲೆ ತೇಲಿದೆ ಅಂದಿದ್ದಾನಂತೆ, ಇನ್ನೊಬ್ಬ ಹಲ್ಲು ಅಲುಗಾಡುತ್ತಿವೆ ಅಂದಿದ್ದಾನಂತೆ. ಹಿಮಾಲಯ ಹತ್ತಿದವರಿದ್ದರು, ಮರಳು ಹೊತ್ತವರಿದ್ದರು. ರೊಟ್ಟಿ ಹೊತ್ತವರು ಒಬ್ಬರೂ ಇರಲಿಲ್ಲ.

"ಆಂಟಿ, ಒಂದ್ ವಿಷಯ ಗೊತ್ತಾ? ಹೊಡೆತ ತಗೊಳ್ಳೋದು ಶಾಕ್ ಅಬ್ಸಾರ್ಬರ್ ಅಲ್ವಂತೆ, ಸ್ಪ್ರಿಂಗಂತೆ" ಅಂದ ಕಾರ್ತಿಕ. "ಹೊಡೆತ ಬಿದ್ಮೇಲೆ ಸ್ಪ್ರಿಂಗ್ ಕುಣೀತಾನೇ ಇರುತ್ತಲ್ಲ, ಆ ಕುಣಿತ ನಿಲ್ಸೋದಷ್ಟೇ ಇದರ ಕೆಲಸ."

ಆ ರಾತ್ರಿ ಊಟದ ಪಾತ್ರೆ ತೊಳೆಯುವಾಗ ನನಗೆ ಇದೇ ಯೋಚನೆ. ಹೊಡೆತ ತಿನ್ನುವವನು ಒಬ್ಬ, ಹೆಸರು ಇನ್ನೊಬ್ಬನದು. ಅದಿರಲಿ, ಹೊಡೆತಕ್ಕಿಂತ ಹೊಡೆತದ ಮೇಲಿನ ಕುಣಿತವೇ ದೊಡ್ಡ ತ್ರಾಸು ಎಂದು ಕಂಡುಕೊಂಡ ಮಹಾನುಭಾವ ಯಾರೋ, ಅವನಿಗೆ ಖಂಡಿತ ನನ್ನ ನಾದಿನಿಯಂಥವಳು ಒಬ್ಬಳಿದ್ದಿರಬೇಕು. ನಮ್ಮ ಮಗಳ ಮದುವೆಯಲ್ಲಿ ಆಕೆಯ ಹೋಳಿಗೆಗೆ ಯಾರೋ ತುಪ್ಪ ಹಾಕಲು ಮರೆತರು. ಆ ಮಗಳಿಗೆ ಈಗ ಶಾಲೆಗೆ ಹೋಗುವ ಮಗನಿದ್ದಾನೆ. ನಾದಿನಿ ಮಾತ್ರ ಆ ತುಪ್ಪದ ಗುಂಡಿಯಲ್ಲಿ ಇಳಿದವಳು ಇನ್ನೂ ಮೇಲೆ ಕೆಳಗೆ ಆಡುತ್ತಲೇ ಇದ್ದಾಳೆ. ನಾನೇನು ಕಡಿಮೆಯಲ್ಲ. ಬೆಳಿಗ್ಗೆ ಜಗಳವಾದರೆ ಮರುದಿನದ ಹಿಟ್ಟು ನಾದುವವರೆಗೂ ನನ್ನ ಬಾಯಿ ನಿಲ್ಲುವುದಿಲ್ಲ. ನಮ್ಮ ಮನೆಯವರು ಒಮ್ಮೆ ತಗ್ಗಿ, ಒಮ್ಮೆ ಎದ್ದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗಾಡಿ ಒರೆಸಲು ಹೋಗುತ್ತಾರೆ. ಮನೆಯಲ್ಲಿ ಇಬ್ಬರಲ್ಲಿ ಒಬ್ಬರ ಶಾಕರ್ ಗಟ್ಟಿ ಇದ್ದರೂ ಸಂಸಾರ ಸಾಗುತ್ತದೆ ಎಂದು ನನ್ನ ಅನುಭವ.

ಭಾನುವಾರ ಇಬ್ಬರೂ ಶಾಕರ್ ಅಂಗಡಿಗಳಿರುವ ಬಾಲಾನಗರಕ್ಕೆ ಹೊರಟೆವು. ಅವರೊಬ್ಬರನ್ನೇ ಕಳಿಸುವ ಹಾಗಿರಲಿಲ್ಲ. ಅಂಗಡಿಯವನ ಜೊತೆ ಚಹಾ ಕುಡಿದು, ಊರು ಕೇರಿ ವಿಚಾರಿಸಿ, ಒಂದು ಕೀ ಚೈನು ತಗೊಂಡು ಬರುವ ಜಾತಿ ಅವರದು. ನಾನು ಕೈಯಲ್ಲಿ ಒಂದು ಗಂಟು ಹಿಡಿದಿದ್ದೆ. ಅದರಲ್ಲಿ ಅಂದಿನ ಬೆಳಗಿನ ಖಡಕ್ ರೊಟ್ಟಿ. ಶಾಕರ್ ಹೇಗಿದೆ ಎಂದು ಹೇಳಲು ನನಗೆ ಮಷೀನು ಗೊತ್ತಿಲ್ಲ, ರೊಟ್ಟಿ ಗೊತ್ತು.

ಅಂಗಡಿಯ ಖಾಜಾ ಭಾಯಿಗೆ ನನ್ನಷ್ಟೇ ವಯಸ್ಸು, ನನಗಿಂತ ಹೆಚ್ಚು ಮಾತು. ಮೊದಲ ಪ್ರಶ್ನೆಯೇ ಗಾಡಿಗೆ ಏನು ಹೇರುತ್ತೀರಿ ಎಂದು, "ಲೋಡ್ ಕ್ಯಾ ಡಾಲ್ತೇ ಅಮ್ಮಾ?"

"ಜ್ವಾರಿ ಕೀ ರೋಟಿ" ಅಂದೆ.

"ಮಜಾಕ್ ನಕ್ಕೋ ಕರೋ ಅಮ್ಮಾ" ಅಂದ. ನಾನು ತಮಾಷೆ ಮಾಡುತ್ತಿಲ್ಲ ಎಂದು ಗಂಟು ಬಿಚ್ಚಿ ತೋರಿಸಿದೆ. ಅವನು ರೊಟ್ಟಿಯನ್ನು ನೋಡಿದ, ಹೊರಗೆ ನಿಂತ ನಮ್ಮ ಗಾಡಿಯನ್ನು ನೋಡಿದ, ನಮ್ಮ ಮನೆಯವರನ್ನು ಕನಿಕರದಿಂದ ನೋಡಿದ. ಆಮೇಲೆ ಕಪಾಟಿನಿಂದ ಅತ್ಯಂತ ದಪ್ಪನೆಯ ಒಂದು ಜೋಡಿ ತೆಗೆದು ಮೇಜಿನ ಮೇಲೆ ಧಡ್ ಎಂದು ಇಟ್ಟ. ಭಾರಿ ಲೋಡಿನದು, ಸಿಮೆಂಟ್ ಸಾಗಿಸುವವರು ಇದನ್ನೇ ಹಾಕಿಸುತ್ತಾರೆ, ಜೀವನಪೂರ್ತಿ ಚಿಂತೆ ಇಲ್ಲ ಅಂದ.

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಅದರ ಕಡೆಗೇ ವಾಲಿತು. ನಮ್ಮ ಕಡೆಯವರಿಗೆ ಗಟ್ಟಿ ಎಂಬ ಶಬ್ದ ಕೇಳಿದರೆ ಸಾಕು. ಚಪ್ಪಲಿ ಗಟ್ಟಿ ಇರಬೇಕು, ಮಂಚ ಗಟ್ಟಿ ಇರಬೇಕು, ರೊಟ್ಟಿಯೂ ಗಟ್ಟಿ ಇರಬೇಕು. ಮೆತ್ತಗಿನ ವಸ್ತು ಕೊಂಡು ಬಂದವರು ಮನೆಯಲ್ಲಿ ಬೈಸಿಕೊಳ್ಳುತ್ತಾರೆ. ಆದರೆ ನನ್ನ ಅದೃಷ್ಟಕ್ಕೆ ಅಂಗಡಿ ಮುಂದೆಯೇ ತರಕಾರಿ ವ್ಯಾಪಾರಿಯ ಪಿಕಪ್ ಒಂದು ಖಾಲಿ ನಿಂತಿತ್ತು. ನಮ್ಮದೇ ಮಾಡೆಲ್ಲು, ಆಗಷ್ಟೇ ಇದೇ ದಪ್ಪ ಶಾಕರ್ ಹಾಕಿಸಿಕೊಂಡಿತ್ತು. ಒಂದು ಸುತ್ತು ಹಾಕಿಸಿ ಅಂದೆ. ರೊಟ್ಟಿ ಗಂಟನ್ನು ಹಿಂದೆ ಇಟ್ಟೆವು. ಗಾಡಿ ಬಾಲಾನಗರದ ಕಾರ್ಖಾನೆಗಳ ಸಂದಿಯಲ್ಲಿ ಒಂದು ಸುತ್ತು ಹಾಕಿ ಬಂತು. ಗಂಟು ಬಿಚ್ಚಿದರೆ ಒಳಗೆ ಉಪ್ಪಿಟ್ಟಿನ ರವೆ.

ಖಾಜಾ ಭಾಯಿ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಚೆನ್ನಾಗಿದೆ ಅಂದ. ಇನ್ನೊಂದು ಚೂರು ತಗೊಂಡ. ಕಾರಣ ಕೇಳಿದರೆ, ಗಾಡಿಯಲ್ಲಿ ಲೋಡಿಲ್ಲವಲ್ಲ ಅಂದ. ಟನ್ನುಗಟ್ಟಲೆ ಹೊರಲು ಹುಟ್ಟಿದ ಗಾಡಿ ಅದು. ನಮ್ಮ ಇಡೀ ದಿನದ ರೊಟ್ಟಿ ಅದಕ್ಕೆ ಬೆನ್ನಿನ ಮೇಲೆ ನೊಣ ಕೂತ ಹಾಗೆ. ಭಾರವಿಲ್ಲದ ಗಾಡಿಗೆ ಬಿಗಿ ಶಾಕರ್ ಹಾಕಿದರೆ ಅದು ಬಗ್ಗುವುದೇ ಇಲ್ಲ, ರಸ್ತೆ ಕೊಟ್ಟದ್ದನ್ನೆಲ್ಲ ಹಾಗೆಯೇ ಮೇಲೆ ದಾಟಿಸುತ್ತದೆ. ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ ಅಂದೆ. ನೀವು ಗಟ್ಟಿಯದು ಕೇಳುವ ಮುಖದವರ ಹಾಗೆ ಕಂಡಿರಿ ಅಂದ. ನನಗೆ ಜಗಳವಾಡುವ ಶಕ್ತಿ ಇರಲಿಲ್ಲ. ಗಾಡಿ ಹುಟ್ಟಿದಾಗ ಕಂಪನಿಯವರು ಹಾಕಿ ಕಳಿಸಿದ ಮಾಮೂಲಿ ಎಣ್ಣೆಯ ಶಾಕರನ್ನೇ ನಾಲ್ಕೂ ಗಾಲಿಗೆ ಹಾಕಿಸಿಕೊಂಡು ಬಂದೆವು. ಅಷ್ಟೆಲ್ಲ ಆರಿಸಿ ಆರಿಸಿ ಕೊನೆಗೆ ಹೊರಟಲ್ಲಿಗೇ ಬಂದು ಮುಟ್ಟಿದೆವು.

ರೊಟ್ಟಿ ಬದುಕಿತು. ಆ ವಾರ ಒಂದೇ ಒಂದು ಫೋಟೊ ಬರಲಿಲ್ಲ. ನಾನು ಶೆಡ್ಡಿನಲ್ಲಿ ಕೂತು ಎಲ್ಲರಿಗೂ ಎಣ್ಣೆ ಶಾಕರಿನ ಮಹಿಮೆ ಹೇಳಿದ್ದೇ ಹೇಳಿದ್ದು. ಗಾಡಿ ಒತ್ತಲು ಬಂದವರಿಗೆ ನಾನೇ ಒತ್ತಿ ತೋರಿಸುತ್ತಿದ್ದೆ. ಒಂದು ಸಲ ತಗ್ಗಿ ಎದ್ದು, ಗಂಭೀರವಾಗಿ ನಿಲ್ಲುತ್ತಿತ್ತು.

ಸೊಂಟ ಮಾತ್ರ ಹಾಗೇ ಇತ್ತು. ನಮ್ಮ ಮನೆಯವರು ಈಗಲೂ ಬಾಗಿಲು ಹಿಡಿದೇ ಇಳಿಯುತ್ತಿದ್ದರು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಕೈ ಬಿಡುತ್ತಿದ್ದರು, ಮುಖದ ಮೇಲಿನ ನೋವು ಮುಚ್ಚಿಡಲು ಆಗುತ್ತಿರಲಿಲ್ಲ. ಡಾಕ್ಟರು ಕೊಟ್ಟ ಎರಡು ತಿಂಗಳು ಕರಗುತ್ತಿತ್ತು. ರೊಟ್ಟಿಯಂಥ ರೊಟ್ಟಿಗೆ ಹತ್ತಿದ ಔಷಧಿ ಮನುಷ್ಯನಿಗೆ ಯಾಕೆ ಹತ್ತುತ್ತಿಲ್ಲ? ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಒಂದು ದಿನ ಶೆಡ್ಡಿನ ಕೆಲಸ ಬೇರೆಯವರಿಗೆ ವಹಿಸಿ, ನಾನೂ ಬರುತ್ತೇನೆ ಎಂದು ಗಾಡಿ ಹತ್ತಿ ಅವರ ಎಡಕ್ಕೆ ಕೂತೆ. ಇಷ್ಟು ವರ್ಷದಲ್ಲಿ ನಾನು ರೊಟ್ಟಿಯ ಜೊತೆ ಪಟಾನ್‌ಚೆರುವಿಗೆ ಹೋದದ್ದೇ ಇಲ್ಲ. ನನ್ನ ಕೆಲಸ ಹಂಚಿನವರೆಗೆ, ಅವರ ಕೆಲಸ ಅಲ್ಲಿಂದ ಮುಂದೆ, ಹಾಗೆ ಪಾಲಾಗಿತ್ತು.

ಗಾಡಿ ಏರುವ ಮೊದಲು ಹಿಂದೆ ಇಣುಕಿದ್ದೆ. ರೊಟ್ಟಿಯ ಬುಟ್ಟಿಗಳೆಲ್ಲ ಎಡಗಡೆ, ಕೆಳಗೆ ನಮ್ಮ ಅತ್ತೆ ಹೊಲಿದ ಕೌದಿ ಹಾಸಿ, ಮೇಲೆ ಇನ್ನೊಂದು ಕೌದಿ ಹೊದಿಸಿ, ಬಾಣಂತಿಯ ಹಾಗೆ ಮಲಗಿಸಿದ್ದರು. ಬಲಗಡೆ, ಅಂದರೆ ಡ್ರೈವರಿನ ಬೆನ್ನಿನ ಹಿಂದೆ, ಶೇಂಗಾ ಚಟ್ನಿಯ ಡಬ್ಬಿಗಳು, ಹಿಟ್ಟಿನ ಚೀಲ. ಎಷ್ಟು ಕುಲುಕಿದರೂ ಏನೂ ಹಾಳಾಗದ ಸಾಮಾನು. ಅವರ ಸೀಟಿನ ರೆಕ್ಸಿನ್ ಹರಿದು ಒಳಗಿನ ಸ್ಪಂಜು ಎಂದೋ ಮಾಯವಾಗಿತ್ತು. ಮನೆಯಲ್ಲಿದ್ದ ಕೌದಿ ಎರಡೇ, ಎರಡೂ ರೊಟ್ಟಿಗೆ.

ದೊಡ್ಡ ರಸ್ತೆ ಬಿಟ್ಟು ಒಳಗಿನ ರಸ್ತೆಗೆ ತಿರುಗಿದೆವು. ಕಾರ್ಖಾನೆ ಲಾರಿಗಳು ಓಡಾಡಿ ಓಡಾಡಿ ಅಲ್ಲಿ ರಸ್ತೆಗಿಂತ ಗುಂಡಿಯೇ ಜಾಸ್ತಿ. ಮೊದಲ ಗುಂಡಿ ಬಂತು. ನಮ್ಮ ಮನೆಯವರು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ ಎಳೆದರು, ಬಲಗಾಲಿ ಅದರಲ್ಲಿ ಇಳಿದೆದ್ದಿತು. ನನ್ನ ಕಡೆ ಏನೂ ಗೊತ್ತಾಗಲಿಲ್ಲ. ಅವರು ಸೀಟಿನಿಂದ ಪುಟಿದು ಕೂತರು. ಎರಡನೆಯದು ನನ್ನ ಕಡೆಯೇ ಇತ್ತು. ಅದನ್ನು ಬಿಟ್ಟು ಎಡಕ್ಕೆ ಹೋಗಲು ಜಾಗವಿರಲಿಲ್ಲ, ಹಾಗಾಗಿ ಬಲಕ್ಕೆ ಸರಿದು ಅದರ ಪಕ್ಕದ ಇನ್ನೊಂದು ಗುಂಡಿಗೆ ಬಲಗಾಲಿ ಕೊಟ್ಟರು. ಮೂರನೆಯದಕ್ಕೆ ನಾನು ಬಾಯಿ ತೆರೆದೆ.

"ಬೇಕಂತನ ಗುಂಡ್ಯಾಗ ಹಾಕಾಕತ್ತೀರಲ್ಲರೀ."

"ಬೇಕಂತ ಯಾರ್ ಹಾಕ್ತಾರ?" ಅಂದರು ರಸ್ತೆಯಿಂದ ಕಣ್ಣು ತೆಗೆಯದೆ. "ತಪ್ಪಸಾಕ ಆಗಂಗಿಲ್ಲ ಅಂದ್ರ ಯಾವದರ ಒಂದ್ ಕಡಿ ತಗೋಬೇಕಲ್ಲ. ನನ್ ಕಡಿ ತಗೊಂತೀನಿ."

"ಎಷ್ಟು ವರ್ಷ ಆತು ಹಿಂಗ?"

"ರೊಟ್ಟಿ ಹಾಕಾಕತ್ತಾಗಿಂದ."

"ಸೊಂಟಕ್ಕಿಂತ ರೊಟ್ಟಿ ದೊಡ್ಡದೇನ್ರಿ?"

ಅವರು ಒಂದು ಲಾರಿಗೆ ದಾರಿ ಬಿಟ್ಟರು, ಇನ್ನೊಂದು ಗುಂಡಿಯನ್ನು ತಮ್ಮ ಕಡೆಗೆ ತಗೊಂಡರು, ಆಮೇಲೆ ಹೇಳಿದರು. "ರೊಟ್ಟಿ ಮುರದ್ರ ನೀ ಮಾತಾಡ್ತಿ. ಸೊಂಟ ಕೆಟ್ರ ಡಾಕ್ಟರ್ ಮಾತಾಡ್ತಾನ. ಡಾಕ್ಟರ್ ಲಗೂನ ಮುಗಸ್ತಾನ."

ನನಗೆ ನಗು ಬಂತು, ನಗುವಿನ ಬೆನ್ನಿಗೇ ಅಳು ಬಂತು. ಬಾಲಾನಗರದ ಎಲ್ಲ ಅಂಗಡಿಗಳ ಎಲ್ಲ ಶಾಕರ್ ತಂದು ಹಾಕಿದರೂ ಈ ಮನುಷ್ಯನ ಸೊಂಟ ವಾಸಿಯಾಗುವ ಹಾಗಿರಲಿಲ್ಲ. ಗಾಡಿ ನಯವಾದಷ್ಟೂ ಅವರು ರೊಟ್ಟಿಗೆ ಇನ್ನಷ್ಟು ನಯವಾದ ದಾರಿ ಹುಡುಕುತ್ತಾರೆ, ಉಳಿದದ್ದನ್ನು ತಾವು ತಿನ್ನುತ್ತಾರೆ. ಬೇಡ ಅಂದರೆ ಹೂಂ ಅನ್ನುತ್ತಾರೆ, ಮತ್ತೆ ಅದನ್ನೇ ಮಾಡುತ್ತಾರೆ. ಮೂವತ್ತು ವರ್ಷದ ಸಂಸಾರದಲ್ಲಿ ಅವರ ಹೂಂ ಎಷ್ಟು ದೂರ ನಡೆಯುತ್ತದೆ ಎಂದು ನನಗೆ ಗೊತ್ತಿಲ್ಲವೇ? ಹೇಳಿ ಉಪಯೋಗವಿಲ್ಲದ ಕಡೆ ಹೇಳುವುದನ್ನು ನಿಲ್ಲಿಸುವಷ್ಟು ಬುದ್ಧಿ ದಣಿವಿನಿಂದಲೇ ಬರುವುದು. ಆ ದಿನ ಮನೆಗೆ ಬರುವವರೆಗೆ ನಾನು ಒಂದು ಮಾತೂ ಆಡಲಿಲ್ಲ. ಅವರಿಗೆ ಅದೇ ದೊಡ್ಡ ಚಿಂತೆಯಾಗಿ ಎರಡು ಸಲ ನೀರು ಬೇಕೇನು ಎಂದು ಕೇಳಿದರು.

ಮರುದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನೇ ಗಾಡಿ ತುಂಬಿಸಿದೆ. ಕೌದಿ ಬಲಗಡೆ ಹಾಸಿದೆ. ರೊಟ್ಟಿಯ ಬುಟ್ಟಿಗಳನ್ನೆಲ್ಲ ಡ್ರೈವರಿನ ಬೆನ್ನ ಹಿಂದೆಯೇ ಇರಿಸಿದೆ. ಚಟ್ನಿ ಡಬ್ಬಿ, ಹಿಟ್ಟಿನ ಚೀಲ ಎಡಕ್ಕೆ. ಇನ್ನು ರೊಟ್ಟಿ ಉಳಿಸಬೇಕೆಂದರೆ ಅವರು ತಮ್ಮ ಕಡೆಯನ್ನೇ ಉಳಿಸಬೇಕು. ಇಷ್ಟು ಸುಲಭದ ಉಪಾಯಕ್ಕೆ ನಾನು ಒಂದು ತಿಂಗಳು ಶಾಕರ್ ಆರಿಸಿದೆನಲ್ಲ ಎಂದುಕೊಂಡೆ. ಅವರು ಬಂದು ಹಿಂದೆ ನೋಡಿದರು, ನನ್ನನ್ನು ನೋಡಿದರು, ಹೋಗಿ ಸ್ಟೇರಿಂಗ್ ಹಿಡಿದರು. ಉಪಾಯ ನಡೆಯುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕೆಂದು ನಾನು ಮತ್ತೆ ಎಡಗಡೆ ಹತ್ತಿ ಕೂತೆ.

ಒಳಗಿನ ರಸ್ತೆಗೆ ತಿರುಗಿದೆವು. ಮೊದಲ ಗುಂಡಿ ಎದುರಾಯಿತು. ಗಾಡಿ ನಿಂತೇ ಬಿಟ್ಟಿತು.

ಅವರು ಹಿಂದಿನ ಗಾಜಿನಲ್ಲಿ ರೊಟ್ಟಿ ನೋಡಿದರು. ತಿರುಗಿ ನನ್ನನ್ನು ನೋಡಿದರು. ಹಿಂದೆ ಲಾರಿಯವನು ಹಾರನ್ ಹೊಡೆಯತೊಡಗಿದ.

"ಒಂದ್ ಚೂರು ಇಳೀತಿಯೇನು?" ಅಂದರು.

"ಯಾಕ ಇಳೀಲಿ? ನನ್ ಕಡಿ ತಗೋರಿ. ನನ್ ಸೊಂಟ ಗಟ್ಟಿ ಐತಿ."

ತಗೊಳ್ಳಲಿಲ್ಲ. ಲಾರಿಯವನಿಗೆ ಮುಂದೆ ಹೋಗು ಎಂದು ಕೈ ಮಾಡಿದರು. ಎದುರಿನಿಂದ ಬರುವವರೆಲ್ಲ ಬಂದು ಮುಗಿಯುವವರೆಗೆ ಕಾದರು. ಆಮೇಲೆ ಗಾಡಿಯನ್ನು ನಿಧಾನವಾಗಿ ಹೊರಳಿಸಿ, ಗುಂಡಿಯನ್ನು ಪೂರ್ತಿ ಸುತ್ತುಬಳಸಿ, ಯಾವ ಗಾಲಿಯನ್ನೂ ಅದಕ್ಕೆ ಕೊಡದೆ ದಾಟಿದರು. ಮುಂದಿನದಕ್ಕೂ ಹಾಗೆಯೇ. ಅದರ ಮುಂದಿನದಕ್ಕೂ ಹಾಗೆಯೇ. ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು. ಒಬ್ಬ ಮುದುಕ ನಡೆದುಕೊಂಡೇ ದಾಟಿ ಹೋದ.

ಪಟಾನ್‌ಚೆರು ಮುಟ್ಟಿದಾಗ ಖಾನಾವಳಿಯಲ್ಲಿ ಊಟಕ್ಕೆ ಜನ ಕೂತಾಗಿತ್ತು. ಮಾಲೀಕ ಶರಣಪ್ಪ ಬಾಗಿಲಲ್ಲೇ ನಿಂತಿದ್ದ. ನಮ್ಮ ಮನೆಯವರು ಬಾಗಿಲು ಹಿಡಿಯದೆ ಇಳಿದರು. ಇಳಿದ ಮೇಲೆ, ಏನೋ ಮರೆತವರ ಹಾಗೆ, ಒಮ್ಮೆ ಸೊಂಟ ಮುಟ್ಟಿ ನೋಡಿಕೊಂಡರು.

"ಏನಣ್ಣಾ, ಇಷ್ಟೊತ್ತು ಮಾಡಿದ್ರಿ? ಮಂದಿ ಅನ್ನ ಉಣ್ಣಾಕತ್ತಾರ" ಅಂದ ಶರಣಪ್ಪ.

"ಏನ್ ಮಾಡೂದೋ ಮಾರಾಯ" ಅಂದರು ಇವರು, ಹಿಂದಿನ ಬಾಗಿಲಿನ ಕೊಂಡಿ ತೆಗೆಯುತ್ತಾ. "ಇವತ್ತ ಎರಡೂ ಕಡಿ ನಾಜೂಕ ಮಾಲ್ ಇತ್ತು."

ನಾಜೂಕು ಅನ್ನಿಸಿಕೊಂಡು ನನಗೆ ಅಭ್ಯಾಸವಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಟ್ಟಿನ ಚೀಲ ಇಳಿಸಿಕೊಂಡು ಒಳಗೆ ಹೋದೆ.